ಎರಡು ಫೋನ್ ಮುಂದಿಟ್ಟುಕೊಂಡು: ಸ್ಕ್ರೀನ್, ಕ್ಯಾಮೆರಾ ನೋಡಿ ಆರಿಸುವ ಬಗೆ

ಅಂಗಡಿಯ ಬೆಳಕಿನಲ್ಲಿ ಯಾವ ಫೋನೂ ಕೆಟ್ಟದಾಗಿ ಕಾಣುವುದಿಲ್ಲ. ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟಿರುತ್ತಾರೆ. ಬಣ್ಣಬಣ್ಣದ ಡೆಮೊ ವಿಡಿಯೊ ಓಡುತ್ತಿರುತ್ತದೆ. ಕ್ಯಾಮೆರಾ ತೆರೆದು ಒಂದು ಫೋಟೊ ಹೊಡೆದರೆ ಅದೂ ಚೆನ್ನಾಗಿಯೇ ಬರುತ್ತದೆ. ಯಾಕಂದ್ರೆ ಸುತ್ತ ಬೇಕಾದಷ್ಟು ಬೆಳಕಿದೆ, ಎದುರಿಗಿರುವ ವಸ್ತು ಅಲುಗಾಡುತ್ತಿಲ್ಲ. ಎರಡು ಫೋನ್ ಪಕ್ಕಪಕ್ಕ ಇಟ್ಟು ನೋಡಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಕೊನೆಗೆ ಡಬ್ಬಿಯ ಮೇಲಿನ ಅಂಕಿ ನೋಡಿ ತೀರ್ಮಾನ ಮಾಡಿಬಿಡುತ್ತೇವೆ.

ನಾನೂ ಒಮ್ಮೆ ಹಾಗೇ ಮಾಡಿದ್ದೆ. 108 ಮೆಗಾಪಿಕ್ಸೆಲ್ ಎಂದು ಬರೆದಿದ್ದನ್ನು ನೋಡಿ ಫೋನ್ ತಗೊಂಡೆ. ಮನೆಗೆ ತಂದ ಮೊದಲ ಸಂಜೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಓಡಾಡುತ್ತಿದ್ದ ಮಗಳ ಎಂಟು ಫೋಟೊ ತೆಗೆದೆ. ಏಳರಲ್ಲಿ ಮುಖ ಕಲಸಿಹೋಗಿತ್ತು. ರಾತ್ರಿ ದೀಪ ಆರಿಸಿ ಓದೋಣ ಅಂತ ಹಿಡಿದರೆ, ಬ್ರೈಟ್‌ನೆಸ್ ತಳಕ್ಕೆ ಇಳಿಸಿದರೂ ಸ್ಕ್ರೀನ್ ಕಣ್ಣಿಗೆ ಚುಚ್ಚುತ್ತಿತ್ತು. ಆವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಯಾವ ಫೋನೇ ಆಗಲಿ, ಅದಕ್ಕೆ ಕಷ್ಟವಾಗುವ ಕಡೆ ಹಿಡಿದು ನೋಡುವುದು. ಕತ್ತಲೆ ಕೋಣೆ, ಸುಡುಬಿಸಿಲು, ಒಂದು ಕಡೆ ನಿಲ್ಲದ ಮಗು. ಸುಲಭದ ಕೆಲಸವನ್ನು ಎಲ್ಲ ಫೋನೂ ಮಾಡುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಗೊತ್ತಾಗುವುದು ಕಷ್ಟದ ಕೆಲಸ ಕೊಟ್ಟಾಗ.

ಎಲ್‌ಸಿಡಿಯೋ, ಅಮೊಲೆಡ್ಡೋ

ಮೊದಲ ಆಯ್ಕೆ ಇದೇ. ಎಲ್‌ಸಿಡಿ ಸ್ಕ್ರೀನಿನ ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಅದರ ಮುಂದಿರುವ ಪದರ ಬೇಕಾದ ಕಡೆ ಬೆಳಕು ಬಿಡುತ್ತದೆ, ಬೇಡವಾದ ಕಡೆ ತಡೆಯುತ್ತದೆ. ಪೂರ್ತಿ ತಡೆಯಲು ಆಗುವುದಿಲ್ಲ. ಹಾಗಾಗಿ ಅದರ ಕಪ್ಪು ನಿಜವಾಗಿ ಗಾಢ ಬೂದು. ಅಮೊಲೆಡ್‌ನಲ್ಲಿ ಹಿಂದೆ ದೀಪವೇ ಇಲ್ಲ. ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಾಗ ಆರಿಬಿಡುತ್ತದೆ. ಕತ್ತಲಲ್ಲಿ ಪೂರ್ತಿ ಕಪ್ಪಿರುವ ಒಂದು ಚಿತ್ರ ತೆರೆದು ನೋಡಿ. ಎಲ್‌ಸಿಡಿ ಮಂಕಾಗಿ ಹೊಳೆಯುತ್ತಿರುತ್ತದೆ. ಅಮೊಲೆಡ್ ಆರಿಹೋಗಿದೆಯೇನೋ ಅನಿಸುತ್ತದೆ.

ಸಿನಿಮಾ ನೋಡುವವರಿಗೆ, ಡಾರ್ಕ್ ಮೋಡ್‌ನಲ್ಲೇ ಇರುವವರಿಗೆ ಅಮೊಲೆಡ್ ಒಳ್ಳೆಯದು. ಇದರಲ್ಲಿ ಎರಡು ಮಾತಿಲ್ಲ. ಡಾರ್ಕ್ ಮೋಡ್‌ನಲ್ಲಿ ಬ್ಯಾಟರಿಯೂ ಉಳಿಯುತ್ತದೆ, ಆರಿದ ಚುಕ್ಕಿಗೆ ಕರೆಂಟ್ ಬೇಕಿಲ್ಲವಲ್ಲ. ಆದರೆ ಅಮೊಲೆಡ್ ಎಂದ ಕೂಡಲೇ ಎಲ್ಲ ವಿಷಯದಲ್ಲೂ ಮೇಲು ಎಂದುಕೊಳ್ಳಬೇಡಿ. ಮೂರು ವಿಷಯ ನೋಡಬೇಕು.

ಒಂದು, ಅಕ್ಷರದ ಅಂಚು. ಹೆಚ್ಚಿನ ಅಮೊಲೆಡ್ ಸ್ಕ್ರೀನ್‌ಗಳಲ್ಲಿ ಪ್ರತಿ ಪಿಕ್ಸೆಲ್‌ಗೂ (ಚಿತ್ರದ ಒಂದೊಂದು ಬಿಂದುವಿಗೂ) ಕೆಂಪು, ಹಸಿರು, ನೀಲಿ ಮೂರೂ ಇರುವುದಿಲ್ಲ. ಹಸಿರು ಎಲ್ಲಕ್ಕೂ ಇರುತ್ತದೆ. ಕೆಂಪು, ನೀಲಿಯನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳು ಹಂಚಿಕೊಳ್ಳುತ್ತವೆ. ಹಾಗಾಗಿ ಒಂದೇ ರೆಸಲ್ಯೂಷನ್ (ಒಟ್ಟು ಪಿಕ್ಸೆಲ್ ಲೆಕ್ಕ) ಎಂದು ಬರೆದಿದ್ದರೂ ಎಲ್‌ಸಿಡಿಯಲ್ಲಿ ಸಣ್ಣ ಅಕ್ಷರ ತುಸು ಸ್ಫುಟವಾಗಿ ಕಾಣಬಹುದು. ನೋಡಲು ಸುಲಭದ ದಾರಿ ಇದೆ. ಫಾಂಟ್ ಅಳತೆ ಚಿಕ್ಕದು ಮಾಡಿ, ಕನ್ನಡದ ಒಂದು ಪುಟ ತೆರೆಯಿರಿ. ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’ ಇಂಥ ಪದಗಳ ಒತ್ತಕ್ಷರ ನೋಡಿ. ಒತ್ತಿನ ಒಳಗಿನ ಸಣ್ಣ ತೂತು ಬಿಳಿಯಾಗಿಯೇ ಉಳಿದಿದೆಯಾ, ಬಣ್ಣ ಮೆತ್ತಿಕೊಂಡಿದೆಯಾ? ಇಂಗ್ಲಿಷ್ ಅಕ್ಷರದಲ್ಲಿ ಕಾಣದ ಮಬ್ಬು ಇಲ್ಲಿ ಎದ್ದು ಕಾಣುತ್ತದೆ. ದಿನಾ ಗಂಟೆಗಟ್ಟಲೆ ಓದುವವರಿಗೆ ಇದು ಸಣ್ಣ ವಿಷಯ ಅಲ್ಲ.

ಎರಡು, ಮಿಣುಕು. ನನ್ನ ಕಣ್ಣಿಗೆ ಚುಚ್ಚಿದ್ದು ಇದೇ ಇರಬೇಕು ಅಂತ ಆಮೇಲೆ ತಿಳಿಯಿತು. ಎಷ್ಟೋ ಅಮೊಲೆಡ್ ಸ್ಕ್ರೀನ್‌ಗಳು ಬೆಳಕನ್ನು ನಿಜವಾಗಿ ಕಡಿಮೆ ಮಾಡುವುದಿಲ್ಲ. ಬಲು ಬೇಗ ಬೇಗ ಆರಿಸಿ ಹೊತ್ತಿಸುತ್ತವೆ. ಆರಿರುವ ಹೊತ್ತು ಜಾಸ್ತಿಯಾದಷ್ಟೂ ಕಣ್ಣಿಗೆ ಮಂದವಾಗಿ ಕಾಣುತ್ತದೆ. ಕೆಲವು ಫೋನ್‌ಗಳು ಸೆಕೆಂಡಿಗೆ 240 ಸಲ ಹೀಗೆ ಮಾಡುತ್ತವೆ. ಹೊಸ ಫೋನ್‌ಗಳಲ್ಲಿ 2160, 3840 ಎಂಬ ಅಂಕಿಗಳೂ ಬಂದಿವೆ. ಇಲ್ಲಿ ಅಂಕಿ ದೊಡ್ಡದಾದಷ್ಟೂ ಕಣ್ಣಿಗೆ ಹಿತ. ಎಲ್ಲರಿಗೂ ಇದರಿಂದ ತೊಂದರೆ ಆಗುವುದಿಲ್ಲ. ಆಗುವವರಿಗೆ ಮಾತ್ರ ತಲೆನೋವು, ಕಣ್ಣು ಸೋಲುವುದು, ಎಲ್ಲ ಬರುತ್ತದೆ.

ನೋಡುವುದು ಹೀಗೆ. ಪರೀಕ್ಷಿಸಬೇಕಾದ ಫೋನಿನಲ್ಲಿ ಬಿಳಿ ಪುಟ ತೆರೆದು ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸಿ. ನಿಮ್ಮ ಕೈಯಲ್ಲಿರುವ ಇನ್ನೊಂದು ಫೋನಿನ ಕ್ಯಾಮೆರಾವನ್ನು ಪ್ರೊ ಮೋಡ್‌ಗೆ (ಎಲ್ಲವನ್ನೂ ನಾವೇ ಹೊಂದಿಸುವ ಮೋಡ್) ಹಾಕಿ, ಶಟರ್, ಅಂದರೆ ಬೆಳಕು ಒಳಗೆ ಬಿಡುವ ಹೊತ್ತನ್ನು, ಸೆಕೆಂಡಿನ 1/1000ರ ಆಸುಪಾಸು ಇಟ್ಟು ಆ ಸ್ಕ್ರೀನ್ ಕಡೆ ಹಿಡಿಯಿರಿ. ದಪ್ಪ ದಪ್ಪ ಕಪ್ಪು ಪಟ್ಟಿಗಳು ದೂರ ದೂರ ಕಂಡರೆ ಮಿಣುಕು ನಿಧಾನದ್ದು. ಪಟ್ಟಿಗಳು ಸಣ್ಣಗೆ, ಒತ್ತೊತ್ತಾಗಿದ್ದರೆ ವೇಗದ್ದು. ಪಟ್ಟಿ ಕಾಣುವುದೇ ಇಲ್ಲ ಅಂದರೆ ಇನ್ನೂ ಒಳ್ಳೆಯದು. ಎರಡು ನಿಮಿಷದ ಕೆಲಸ. ಮೊಬೈಲ್ ನೋಡಿದರೆ ತಲೆನೋವು ಬರುತ್ತದೆ ಎನ್ನುವವರು ಮನೆಯಲ್ಲಿ ಯಾರಾದರೂ ಇದ್ದರೆ ಇದನ್ನು ಮಾತ್ರ ಬಿಡಬೇಡಿ.

ಮೂರು, ಅಚ್ಚು ಬೀಳುವುದು. ಒಂದೇ ಚಿತ್ರ ಒಂದೇ ಜಾಗದಲ್ಲಿ ಬಹಳ ಹೊತ್ತು ಜೋರಾಗಿ ಬೆಳಗಿದರೆ ಅಲ್ಲಿನ ಚುಕ್ಕಿಗಳು ಬೇಗ ಸವೆಯುತ್ತವೆ, ಅದರಲ್ಲೂ ನೀಲಿ ಚುಕ್ಕಿ. ಕೆಲವು ವರ್ಷದ ಮೇಲೆ ಬಿಳಿ ಪುಟದಲ್ಲಿ ಹಳೇ ಬಟನ್‌ಗಳ ನೆರಳು ಕಾಣುತ್ತದೆ. ಸಾಮಾನ್ಯ ಬಳಕೆಗೆ ಇದು ಈಗ ದೊಡ್ಡ ಚಿಂತೆ ಅಲ್ಲ. ಆದರೆ ಗಾಡಿಯಲ್ಲಿ ಇಡೀ ದಿನ ಮ್ಯಾಪ್ ಹಾಕಿಕೊಂಡು ಬ್ರೈಟ್‌ನೆಸ್ ತುದಿಯಲ್ಲಿಟ್ಟು ಓಡಿಸುವವರಿಗೆ ನಾನು ಈಗಲೂ ಎಲ್‌ಸಿಡಿಯನ್ನೇ ಹೇಳುತ್ತೇನೆ.

ಬಿಸಿಲಿಗೆ ಹಿಡಿದಾಗ

ನಿಟ್ಸ್ ಅಂದರೆ ಸ್ಕ್ರೀನ್ ಎಷ್ಟು ಬೆಳಗುತ್ತದೆ ಎನ್ನುವ ಅಳತೆ. ಡಬ್ಬಿಯ ಮೇಲೆ ಒಂದೇ ಅಂಕಿ ಇರುತ್ತದೆ, ಅದೂ ಇರುವುದರಲ್ಲೇ ದೊಡ್ಡದು. ಆದರೆ ಒಂದೇ ಸ್ಕ್ರೀನಿಗೆ ಮೂರು ಅಂಕಿ ಇರುತ್ತದೆ. 2023ರ ಐಫೋನ್ 15ಕ್ಕೆ ಆಪಲ್ ಕೊಟ್ಟಿರುವ ವಿವರ ನೋಡಿ. ಸಾಮಾನ್ಯವಾಗಿ 1000 ನಿಟ್ಸ್, ಎಚ್‌ಡಿಆರ್ (ಹೊಳೆಯುವ ಭಾಗಗಳನ್ನು ಹೆಚ್ಚು ಬೆಳಗಿಸಿ ತೋರಿಸುವ) ವಿಡಿಯೊದಲ್ಲಿ 1600, ಹೊರಗೆ ಬಿಸಿಲಲ್ಲಿ 2000. ಮೂರನ್ನೂ ಬೇರೆ ಬೇರೆ ಹೇಳಿದರೆ ನಮಗೆ ಅರ್ಥವಾಗುತ್ತದೆ. ಕೆಲವರು 4000, 5000 ಎಂದು ಒಂದೇ ಅಂಕಿ ಬರೆದಿರುತ್ತಾರೆ. ಅಂಥ ಬೆಳಕು ಬರುವುದು ಸ್ಕ್ರೀನಿನ ಒಂದು ಸಣ್ಣ ಮೂಲೆ ಮಾತ್ರ ಬೆಳಗುವಾಗ, ಸ್ವಲ್ಪ ಹೊತ್ತು. ಇಡೀ ಪುಟ ಬಿಳಿಯಾದಾಗ ಅಷ್ಟು ಬರುವುದಿಲ್ಲ. ಜೊತೆಗೆ ನಮ್ಮ ಕಣ್ಣು ನಿಟ್ಸ್ ಎರಡು ಪಟ್ಟಾದರೆ ಬೆಳಕು ಎರಡು ಪಟ್ಟಾಯಿತು ಎಂದುಕೊಳ್ಳುವುದಿಲ್ಲ. 1000ಕ್ಕೂ 1300ಕ್ಕೂ ವ್ಯತ್ಯಾಸ ಕಾಣುವುದೇ ಕಷ್ಟ.

ಹಾಗಾಗಿ ಎರಡೂ ಫೋನ್ ಹೊರಗೆ ತಗೊಂಡು ಹೋಗಿ. ಆಟೊ ಬ್ರೈಟ್‌ನೆಸ್ ಆನ್ ಇರಲಿ. ಎಷ್ಟೋ ಫೋನ್‌ಗಳಲ್ಲಿ ಅದು ಆಫ್ ಇದ್ದರೆ ಬಿಸಿಲಿನ ಹೆಚ್ಚುವರಿ ಬೆಳಕು ಬರುವುದೇ ಇಲ್ಲ. ಸೂರ್ಯ ಬೆನ್ನ ಹಿಂದೆ ಇರುವ ಹಾಗೆ ನಿಂತು ಒಂದು ಮೆಸೇಜ್ ಓದಿ. ಆಮೇಲೆ ಕ್ಯಾಮೆರಾ ತೆರೆದು, ಎದುರಿಗಿರುವ ಮುಖ ಸ್ಕ್ರೀನಿನಲ್ಲಿ ಗುರುತು ಸಿಗುತ್ತದಾ ನೋಡಿ. ಸಾಧ್ಯವಾದರೆ ಹತ್ತು ನಿಮಿಷ ಹಾಗೇ ಬಳಸಿ. ಮೊದಲ ನಿಮಿಷ ಫಳಫಳ ಹೊಳೆದ ಸ್ಕ್ರೀನ್, ಫೋನ್ ಬಿಸಿಯಾದ ಮೇಲೆ ತಾನಾಗಿಯೇ ಮಂಕಾಗುವುದು ಉಂಟು. ಹೊರಗೆ ಕೆಲಸ ಮಾಡುವವರಿಗೆ ಲೆಕ್ಕಕ್ಕೆ ಬರುವುದು ಹತ್ತನೇ ನಿಮಿಷದ ಬೆಳಕು.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಗಾಜು ಎಷ್ಟು ಪ್ರತಿಫಲಿಸುತ್ತದೆ ಎನ್ನುವುದು. 2024ರ ಗ್ಯಾಲಕ್ಸಿ ಎಸ್24 ಅಲ್ಟ್ರಾದ ಗಾಜು ಪ್ರತಿಫಲನವನ್ನು ಶೇಕಡಾ 75ರವರೆಗೆ ತಗ್ಗಿಸುತ್ತದೆ ಎಂದು ಗಾಜು ಮಾಡಿದ ಕಾರ್ನಿಂಗ್ ಕಂಪನಿ ಹೇಳುತ್ತದೆ. ಪಕ್ಕದಲ್ಲಿ ಸಾಮಾನ್ಯ ಗಾಜಿನ ಫೋನ್ ಇಟ್ಟು, ಎರಡನ್ನೂ ಆಫ್ ಮಾಡಿ, ಕಿಟಕಿಯ ಕಡೆ ಹಿಡಿದರೆ ಸಾಕು. ಒಂದರಲ್ಲಿ ಕಿಟಕಿಯ ಸರಳು ಎಣಿಸಬಹುದು, ಇನ್ನೊಂದರಲ್ಲಿ ಕಪ್ಪು ನೆರಳು ಅಷ್ಟೇ. ಇಂಥ ಗಾಜಿನ ಮೇಲೆ ಸಾಮಾನ್ಯ ಸ್ಕ್ರೀನ್ ಗಾರ್ಡ್ ಅಂಟಿಸಿದರೆ ಆ ಗುಣವೆಲ್ಲ ಹೋಯಿತು. ಗಾರ್ಡ್ ಹಾಕುವವರೇ ಆದರೆ ಇದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ.

60, 90, 120

ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ಬರೆಯುತ್ತದೆ ಎನ್ನುವುದು ಹರ್ಟ್ಜ್. 60ರಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. 90ರಲ್ಲಿ 11.1. 120ರಲ್ಲಿ 8.3. ಈ ಲೆಕ್ಕದಲ್ಲೇ ವಿಷಯ ಇದೆ. 60ರಿಂದ 90ಕ್ಕೆ ಹೋದಾಗ ಐದೂವರೆ ಮಿಲಿಸೆಕೆಂಡ್ ಉಳಿಯುತ್ತದೆ. 90ರಿಂದ 120ಕ್ಕೆ ಹೋದರೆ ಮೂರೂ ಉಳಿಯುವುದಿಲ್ಲ. ಹಾಗಾಗಿ ಮೊದಲ ಹೆಜ್ಜೆ ಯಾರಿಗಾದರೂ ಗೊತ್ತಾಗುತ್ತದೆ, ಎರಡನೆಯದು ಹೇಳಿದರೆ ಮಾತ್ರ. 90 ಮತ್ತು 120ರ ನಡುವೆ ಆರಿಸುವಾಗ ಇದೊಂದಕ್ಕೆ ಸೋಲಬೇಡಿ. 60 ಮತ್ತು 90ರ ನಡುವೆಯಾದರೆ 90 ತಗೊಳ್ಳಿ.

ಬೆರಳಿನಲ್ಲಿ ಒಂದು ಉದ್ದದ ಪುಟವನ್ನು ನಿಧಾನವಾಗಿ ಮೇಲೆ ಕೆಳಗೆ ಸರಿಸುತ್ತ, ಓಡುತ್ತಿರುವ ಅಕ್ಷರವನ್ನೇ ಓದಲು ನೋಡಿ. 60ರಲ್ಲಿ ಅಕ್ಷರ ಕದಡುತ್ತದೆ. 120ರಲ್ಲಿ ಓಡುತ್ತಲೇ ಓದಬಹುದು. 2017ರ ರೇಜರ್ ಫೋನಿನಲ್ಲೇ 120 ಇತ್ತು. ಐಫೋನಿಗೆ ಬಂದಿದ್ದು 2021ರಲ್ಲಿ, ಅದೂ 13 ಪ್ರೊ, 13 ಪ್ರೊ ಮ್ಯಾಕ್ಸ್ ಎರಡಕ್ಕೆ ಮಾತ್ರ. ಎಲ್‌ಟಿಪಿಒ ಎಂದು ಬರೆದಿದ್ದರೆ, ಸುಮ್ನೆ ಒಂದು ಫೋಟೊ ತೆರೆದಿಟ್ಟಾಗ ಸ್ಕ್ರೀನ್ 1 ಹರ್ಟ್ಜ್‌ವರೆಗೂ ಇಳಿಯಬಲ್ಲದು. ಬ್ಯಾಟರಿ ಉಳಿಯುವುದು ಅಲ್ಲಿ.

ರೆಸಲ್ಯೂಷನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಆರೂವರೆ ಇಂಚಿನ ಆಸುಪಾಸಿನ ಸ್ಕ್ರೀನಿಗೆ ಫುಲ್ ಎಚ್‌ಡಿ ಪ್ಲಸ್ ಅಂದರೆ ಇಂಚಿಗೆ ಸುಮಾರು 400 ಪಿಕ್ಸೆಲ್. ಅದು ಸಾಕು. ಬರೀ ಎಚ್‌ಡಿ ಪ್ಲಸ್ ಅಂದರೆ 270ರ ಹತ್ತಿರ. ಓದುವವರು ಅದನ್ನು ಬಿಡಿ. ಬಾಗಿದ ಅಂಚಿನ ಸ್ಕ್ರೀನ್ ಮತ್ತು ಚಪ್ಪಟೆ ಸ್ಕ್ರೀನ್ ನಡುವೆ ನನ್ನ ಮತ ಚಪ್ಪಟೆಗೆ. ಅಂಗೈ ತಾಗಿ ಬೇಡದ ಬಟನ್ ಒತ್ತುವುದಿಲ್ಲ, ಗಾರ್ಡ್ ಸರಿಯಾಗಿ ಕೂರುತ್ತದೆ.

ಮೆಗಾಪಿಕ್ಸೆಲ್ ಬಿಟ್ಟು ಸೆನ್ಸರ್ ನೋಡಿ

ಈಗ ಕ್ಯಾಮೆರಾ. ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್ಪೇ ಸೆನ್ಸರ್, ಅದರ ಮೇಲಿನ ಹತ್ತು ಲಕ್ಷ ಪಿಕ್ಸೆಲ್‌ಗೆ ಒಂದು ಮೆಗಾಪಿಕ್ಸೆಲ್. ನನ್ನ 108 ಮೆಗಾಪಿಕ್ಸೆಲ್ ಫೋನ್ ತೆಗೆಯುತ್ತಿದ್ದದ್ದು 12 ಮೆಗಾಪಿಕ್ಸೆಲ್ ಫೋಟೊ. ಒಂಬತ್ತು ಸಣ್ಣ ಪಿಕ್ಸೆಲ್ ಸೇರಿಸಿ ಒಂದು ಮಾಡುತ್ತದೆ. 50ರದ್ದು ನಾಲ್ಕನ್ನು ಸೇರಿಸಿ 12.5 ಮಾಡುತ್ತದೆ. 200ರದ್ದು ಹದಿನಾರನ್ನು ಸೇರಿಸಿ ಅದೇ 12.5. ನೋಡಿ, ಮೂರು ದಾರಿಯೂ ಒಂದೇ ಊರಿಗೆ ಹೋಗುತ್ತವೆ. ಇದರಲ್ಲಿ ಮೋಸ ಏನಿಲ್ಲ, ಒಳ್ಳೆಯ ಉಪಾಯವೇ. 2012ರಲ್ಲೇ ನೋಕಿಯಾ 808 ಪ್ಯೂರ್‌ವ್ಯೂ 41 ಮೆಗಾಪಿಕ್ಸೆಲ್ ಸೆನ್ಸರ್ ಇಟ್ಟುಕೊಂಡು, ಹಲವು ಪಿಕ್ಸೆಲ್ ಕೂಡಿಸಿ 5 ಮೆಗಾಪಿಕ್ಸೆಲ್‌ನ ಚೊಕ್ಕ ಫೋಟೊ ಕೊಡುತ್ತಿತ್ತು. ಆ ಫೋನಿನ ಗುಟ್ಟು 41ರಲ್ಲಿ ಇರಲಿಲ್ಲ, ಅದರ ಸೆನ್ಸರ್ ದೊಡ್ಡದಿತ್ತು.

ಸೆನ್ಸರ್ ಅಳತೆಯನ್ನು 1/1.3, 1/1.56, 1/2 ಹೀಗೆ ಬರೆಯುತ್ತಾರೆ. ಕೆಳಗಿನ ಅಂಕಿ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು. 1/1.3ರ ಸೆನ್ಸರ್ 1/2ರದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹೊಂದಿದೆ. ಮಳೆನೀರು ಹಿಡಿಯಲು ಪಾತ್ರೆಯ ಬಾಯಿ ಅಗಲ ಇದ್ದಷ್ಟೂ ಒಳ್ಳೆಯದು, ಬೆಳಕಿಗೂ ಅಷ್ಟೇ. ಎರಡು ಫೋನಿನ ನಡುವೆ ಕ್ಯಾಮೆರಾಕ್ಕಾಗಿ ಆರಿಸುವುದಾದರೆ ನಾನು ಮೊದಲು ಹುಡುಕುವ ಅಂಕಿ ಇದು. ಕಂಪನಿಯ ವಿವರದ ಪಟ್ಟಿಯಲ್ಲಿ ಇದನ್ನು ಬಚ್ಚಿಟ್ಟಿದ್ದರೆ, ಸೆನ್ಸರ್ ಚಿಕ್ಕದಿರಬೇಕು ಅಂತಲೇ ನನ್ನ ಅನುಮಾನ.

ಹಾಗಂತ ದೊಡ್ಡದಕ್ಕೂ ಒಂದು ತೊಡಕಿದೆ. 2022ರಲ್ಲಿ ಶವೊಮಿ 12ಎಸ್ ಅಲ್ಟ್ರಾ ಒಂದು ಇಂಚಿನ ಸೆನ್ಸರ್ ತಂದಿತು. (ಒಂದು ಇಂಚು ಅನ್ನುವುದು ಹಳೇ ವಿಡಿಯೊ ಕ್ಯಾಮೆರಾಗಳ ಗಾಜಿನ ಕೊಳವೆಯ ಅಳತೆಯಿಂದ ಬಂದ ಹೆಸರು. ಸೆನ್ಸರಿನ ಮೂಲೆಯಿಂದ ಮೂಲೆಗೆ ಇರುವುದು 16 ಮಿಲಿಮೀಟರ್ ಮಾತ್ರ.) ಇಷ್ಟು ದೊಡ್ಡ ಸೆನ್ಸರಿನಲ್ಲಿ ಹತ್ತಿರದ ವಸ್ತು ತೆಗೆದರೆ ಫೋಕಸ್ ಇರುವ ಜಾಗ ಬಹಳ ತೆಳು. ಮುಖದ ಫೋಟೊಗೆ ಹಿನ್ನೆಲೆ ಚಂದವಾಗಿ ಕರಗುತ್ತದೆ. ಆದರೆ ಪುಸ್ತಕದ ಪುಟ ತೆಗೆದರೆ ನಡುವಿನ ಸಾಲು ಸ್ಪಷ್ಟ, ಅಂಚಿನ ಸಾಲು ಮಬ್ಬು. ದಾಖಲೆ, ನೋಟ್ಸ್ ಫೋಟೊ ತೆಗೆಯುವುದೇ ನಿಮಗೆ ಜಾಸ್ತಿ ಎಂದಾದರೆ ಒಂದು ಮುದ್ರಿತ ಹಾಳೆಯನ್ನು ಹತ್ತಿರದಿಂದ ತೆಗೆದು ನಾಲ್ಕೂ ಮೂಲೆ ಜೂಮ್ ಮಾಡಿ ನೋಡಿ.

ನಿಲ್ಲದ ಮಗು

ನನ್ನ ಮಟ್ಟಿಗೆ ದೊಡ್ಡ ಪರೀಕ್ಷೆ ಇದು.

ಫೋಟೊ ಕಲಸಿಹೋಗಲು ಎರಡು ಕಾರಣ. ಕೈ ಅಲುಗುವುದು ಒಂದು, ಎದುರಿನವರು ಅಲುಗುವುದು ಇನ್ನೊಂದು. ಒಐಎಸ್ ಇದ್ದರೆ ಲೆನ್ಸೋ ಸೆನ್ಸರೋ ನಿಮ್ಮ ಕೈ ನಡುಕಕ್ಕೆ ಎದುರಾಗಿ ಜರುಗಿ ಚಿತ್ರವನ್ನು ಹಿಡಿದು ನಿಲ್ಲಿಸುತ್ತದೆ. ಅದು ನಿಮ್ಮ ಕೈಗೆ ಮಾತ್ರ ಮದ್ದು. ಮಗು ಕುಣಿಯುತ್ತಿದ್ದರೆ ಒಐಎಸ್ ಏನೂ ಮಾಡಲಾರದು. ಅಲ್ಲಿ ಬೇಕಾದದ್ದು ಶಟರ್ ವೇಗ.

ಸಂಜೆ ಹೊತ್ತು, ಒಂದೇ ದೀಪ ಇರುವ ಕೋಣೆಗೆ ಹೋಗಿ. ಯಾರಿಗಾದರೂ ಕೈ ಬೀಸುತ್ತಿರಲು ಹೇಳಿ. ಎರಡೂ ಫೋನಿನಲ್ಲಿ ಐದೈದು ಫೋಟೊ ತೆಗೆಯಿರಿ. ಈಗ ಗ್ಯಾಲರಿಯಲ್ಲಿ ಆ ಫೋಟೊದ ವಿವರ ತೆರೆಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಫೋಟೊವನ್ನು ಮೇಲಕ್ಕೆ ಎಳೆದರೆ ಬರುತ್ತದೆ. ಅಲ್ಲಿ 1/20, 1/25 ಎಂದಿದ್ದರೆ ಆ ಫೋನ್ ಬೆಳಕಿಗಾಗಿ ಶಟರನ್ನು ಬಹಳ ಹೊತ್ತು ತೆರೆದಿಟ್ಟಿದೆ ಎಂದರ್ಥ. ಬೆರಳುಗಳು ಮಂಜಾಗಿರುತ್ತವೆ. ಇನ್ನೊಂದು ಫೋನ್ ಅದೇ ಬೆಳಕಿನಲ್ಲಿ 1/80, 1/100 ಇಟ್ಟಿದ್ದರೆ ಫೋಟೊದಲ್ಲಿ ತುಸು ಕಾಳುಕಾಳು ಇದ್ದೀತು, ಬೆರಳು ಮಾತ್ರ ಎಣಿಸಲು ಸಿಗುತ್ತದೆ. ನಾನು ಎರಡನೆಯದನ್ನೇ ಆರಿಸುತ್ತೇನೆ. ಕಾಳುಕಾಳು ಫೋಟೊವನ್ನು ಹತ್ತು ವರ್ಷದ ಮೇಲೂ ಪ್ರೀತಿಯಿಂದ ನೋಡುತ್ತೇವೆ. ಕಲಸಿದ ಮುಖವನ್ನು ಆವತ್ತೇ ಡಿಲೀಟ್ ಮಾಡುತ್ತೇವೆ, ಅಲ್ವಾ?

ಹಾಗೇ ಬಟನ್ ಒತ್ತಿದ ಕ್ಷಣಕ್ಕೂ ಫೋಟೊದಲ್ಲಿರುವ ಕ್ಷಣಕ್ಕೂ ಅಂತರ ನೋಡಿ. ಒಂದು ಫೋನಿನಲ್ಲಿ ಸೆಕೆಂಡಿನ ಮುಳ್ಳಿರುವ ಗಡಿಯಾರ ಓಡಲಿ. ಮುಳ್ಳು 12ಕ್ಕೆ ಬಂದಾಗ ಇನ್ನೊಂದರಲ್ಲಿ ಒತ್ತಿ. ಫೋಟೊದಲ್ಲಿ ಮುಳ್ಳು ಎಲ್ಲಿದೆ? ನಾಲ್ಕೈದು ಸಲ ಮಾಡಿದರೆ ಯಾವ ಫೋನ್ ತಡ ಮಾಡುತ್ತದೆ ಎಂದು ಖಚಿತವಾಗುತ್ತದೆ.

ಟೆಲಿಫೋಟೊ ಇದೆಯೋ, ಬರೀ ಹೆಸರೋ

ಎರಡು ಫೋನ್ ಮುಂದಿವೆ ಎಂದಿಟ್ಟುಕೊಳ್ಳಿ. ಒಂದರಲ್ಲಿ ಮುಖ್ಯ ಕ್ಯಾಮೆರಾ ಜೊತೆ ಅಲ್ಟ್ರಾವೈಡ್ (ಅಗಲದ ನೋಟ ಹಿಡಿಯುವುದು) ಮತ್ತು 2 ಮೆಗಾಪಿಕ್ಸೆಲ್ ಮ್ಯಾಕ್ರೊ (ತೀರ ಹತ್ತಿರದ್ದು ತೆಗೆಯುವುದು). ಇನ್ನೊಂದರಲ್ಲಿ ಮುಖ್ಯ ಕ್ಯಾಮೆರಾ, ಅಲ್ಟ್ರಾವೈಡ್, 3ಎಕ್ಸ್ (ಮೂರು ಪಟ್ಟು ಹತ್ತಿರ ತೋರಿಸುವ) ಟೆಲಿಫೋಟೊ. ಎರಡೂ ಕಡೆ ಮೂರು ಕಣ್ಣು. ಆದರೆ ಇವು ಸಮ ಅಲ್ಲ. 2 ಮೆಗಾಪಿಕ್ಸೆಲ್ ಮ್ಯಾಕ್ರೊ ಕಣ್ಣಿನ ಸಂಖ್ಯೆ ಹೆಚ್ಚಿಸಲು ಇಟ್ಟಿರುವುದು, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಹತ್ತಿರದ ಫೋಟೊ ಬೇಕಾದವರು ಅಲ್ಟ್ರಾವೈಡ್‌ಗೆ ಆಟೊಫೋಕಸ್ ಇದೆಯಾ ಕೇಳಿ. 2021ರ ಐಫೋನ್ 13 ಪ್ರೊ 2 ಸೆಂಟಿಮೀಟರ್ ಹತ್ತಿರದಿಂದ ಹೂವಿನ ಕೇಸರ ತೆಗೆದದ್ದು ಹಾಗೆಯೇ.

ಟೆಲಿಫೋಟೊ ಅಂದರೆ ದೂರದ್ದು ಹತ್ತಿರ ಕಾಣಲು ಅಂತ ಮಾತ್ರ ತಿಳಿಯಬೇಡಿ. ಅದರ ದೊಡ್ಡ ಉಪಯೋಗ ಮುಖಕ್ಕೆ. ಮುಖ್ಯ ಕ್ಯಾಮೆರಾದಲ್ಲಿ ಮುಖ ತುಂಬುವ ಹಾಗೆ ತೆಗೆಯಲು ಬಹಳ ಹತ್ತಿರ ಹೋಗಬೇಕು. ಆಗ ಮೂಗು ಉಬ್ಬಿ, ಕಿವಿ ಹಿಂದೆ ಸರಿದು ಕಾಣುತ್ತದೆ. ಎರಡು ಮೂರು ಹೆಜ್ಜೆ ಹಿಂದೆ ನಿಂತು 2ಎಕ್ಸ್, 3ಎಕ್ಸ್‌ನಲ್ಲಿ ತೆಗೆದರೆ ಅದೇ ಮುಖ ನಾವು ಕಣ್ಣಲ್ಲಿ ಕಂಡ ಹಾಗೆ ಬರುತ್ತದೆ. ಒಂದೇ ಮುಖವನ್ನು ಎರಡೂ ರೀತಿ ತೆಗೆದು ಪಕ್ಕಪಕ್ಕ ಇಟ್ಟರೆ ಬೇರೆ ವಿವರಣೆ ಬೇಡ.

ಟೆಲಿಫೋಟೊ ಇಲ್ಲದ ಫೋನಿನಲ್ಲೂ 2ಎಕ್ಸ್ ಬಟನ್ ಇರುತ್ತದೆ. 50 ಮೆಗಾಪಿಕ್ಸೆಲ್ ಸೆನ್ಸರಿನ ನಡುಭಾಗವನ್ನು ಕತ್ತರಿಸಿ 12.5 ಕೊಡುವುದು ಅದು. ಬೆಳಕು ಚೆನ್ನಾಗಿದ್ದರೆ ಇದು ನಿಜಕ್ಕೂ ಚೆನ್ನಾಗಿರುತ್ತದೆ. 5ಎಕ್ಸ್ ಬೇಕು ಅಂದರೆ ಪೆರಿಸ್ಕೋಪ್ ಬೇಕು. ಬೆಳಕನ್ನು ಪ್ರಿಸ್ಮ್‌ನಲ್ಲಿ ತಿರುಗಿಸಿ, ಲೆನ್ಸ್‌ಗಳನ್ನು ಫೋನಿನ ಉದ್ದಕ್ಕೆ ಅಡ್ಡ ಮಲಗಿಸಿಡುತ್ತಾರೆ. 2019ರ ಹುವಾವೆ ಪಿ30 ಪ್ರೊ ನೋಡಿದ ಮೇಲೆ ಇದು ಏನು ಮಾಡಬಲ್ಲದು ಎಂದು ಬಹಳ ಜನಕ್ಕೆ ಗೊತ್ತಾಯಿತು.

ಈಗ ನನಗೆ ಬಹಳ ಇಷ್ಟವಾದ ಪರೀಕ್ಷೆ. ಕ್ಯಾಮೆರಾವನ್ನು 3ಎಕ್ಸ್‌ಗೆ ಹಾಕಿ, ಹಿಂದಿನ ಕಣ್ಣುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ. ಟೆಲಿಫೋಟೊ ಮುಚ್ಚಿದಾಗ ಸ್ಕ್ರೀನ್ ಕಪ್ಪಾದರೆ ಅದೇ ಕೆಲಸ ಮಾಡುತ್ತಿದೆ. ಇದನ್ನೇ ಮಂದ ಬೆಳಕಿನಲ್ಲಿ ಮತ್ತೆ ಮಾಡಿ. ಎಷ್ಟೋ ಫೋನ್‌ಗಳಲ್ಲಿ ಈಗ ಟೆಲಿಫೋಟೊ ಮುಚ್ಚಿದರೂ ಚಿತ್ರ ಹಾಗೇ ಇರುತ್ತದೆ. ಬೆಳಕು ಸಾಲದೆ ಫೋನ್ ಸದ್ದಿಲ್ಲದೆ ಮುಖ್ಯ ಕ್ಯಾಮೆರಾಕ್ಕೆ ಹೋಗಿ ಅದರ ಚಿತ್ರವನ್ನೇ ಹಿಗ್ಗಿಸುತ್ತಿದೆ. ತುಂಬಾ ಹತ್ತಿರದ ವಸ್ತುವಿಗೂ ಹೀಗೇ ಆಗುತ್ತದೆ. ನೀವು ದುಡ್ಡು ಕೊಡುವ ಕಣ್ಣು ಸಂಜೆ ಹೊತ್ತು ಎದ್ದಿರುತ್ತದಾ, ಮಲಗಿರುತ್ತದಾ ಎಂದು ಬೆರಳೇ ಹೇಳುತ್ತದೆ. ಜೊತೆಗೆ 1ಎಕ್ಸ್‌ನಿಂದ 3ಎಕ್ಸ್‌ಗೆ ಹೋದಾಗ ಬಿಳಿ ಗೋಡೆಯ ಬಣ್ಣ ಹಳದಿಗೋ ನೀಲಿಗೋ ಜಿಗಿಯುತ್ತದಾ ನೋಡಿ. ಜಿಗಿದರೆ ಒಂದೇ ಸಮಾರಂಭದ ಫೋಟೊಗಳು ಬೇರೆ ಬೇರೆ ದಿನದವು ಅನ್ನಿಸುತ್ತವೆ.

ರಾತ್ರಿ, ಮೈಬಣ್ಣ, ಕೂದಲು

ನೈಟ್ ಮೋಡ್ ಈಗ ಎಲ್ಲದರಲ್ಲೂ ಇದೆ. 2018ರಲ್ಲಿ ಗೂಗಲ್ ಪಿಕ್ಸೆಲ್‌ಗಳಿಗೆ ನೈಟ್ ಸೈಟ್ ಬಂದಾಗ ಕೈಯಲ್ಲೇ ಹಿಡಿದು ಕತ್ತಲಲ್ಲಿ ಫೋಟೊ ತೆಗೆಯುವುದು ಕಂಡು ಅಚ್ಚರಿ ಆಗಿತ್ತು. ಹಲವು ಫ್ರೇಮ್ ತೆಗೆದು ಒಂದರ ಮೇಲೊಂದು ಕೂಡಿಸುವ ಕೆಲಸ ಅದು. ಈಗ ನೋಡಬೇಕಾದದ್ದು, ರಾತ್ರಿ ರಾತ್ರಿಯಾಗಿಯೇ ಉಳಿದಿದೆಯಾ ಎಂದು. ಕೆಲವು ಫೋನ್ ಆಕಾಶವನ್ನು ಬೂದು ಮಾಡಿ, ಮರದ ಎಲೆಗಳನ್ನು ಮೇಣದ ಹಾಗೆ ನುಣ್ಣಗೆ ಮಾಡಿಬಿಡುತ್ತವೆ. ಬೀದಿದೀಪದ ಸುತ್ತ ಬೋರ್ಡ್ ಇದ್ದರೆ ಅದರ ಅಕ್ಷರ ಓದಲು ಸಿಗುತ್ತದಾ ನೋಡಿ.

ಮೈಬಣ್ಣದ ಪರೀಕ್ಷೆಯನ್ನು ಬಿಡಲೇಬೇಡಿ. ಬೇರೆ ಬೇರೆ ಮೈಬಣ್ಣದ ಇಬ್ಬರನ್ನು ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿ. ಮುಖ ನುಣುಪು ಮಾಡುವ ಬ್ಯೂಟಿ ಮೋಡ್ ಆಫ್ ಮಾಡಿ. ಒಳ್ಳೆಯ ಕ್ಯಾಮೆರಾದಲ್ಲಿ ಇಬ್ಬರ ಮುಖವೂ ಕಾಣುತ್ತದೆ, ಇಬ್ಬರೂ ತಮ್ಮ ಬಣ್ಣದಲ್ಲೇ ಇರುತ್ತಾರೆ. ಕಪ್ಪು ಮೈಬಣ್ಣದವರನ್ನು ಬೂದಿ ಬಳಿದ ಹಾಗೆ ಬಿಳುಪು ಮಾಡುವ ಕ್ಯಾಮೆರಾ ನನಗಂತೂ ಬೇಡ. ಅದು ಸರಿಪಡಿಸುವಿಕೆ ಅಲ್ಲ, ತಪ್ಪು. 2021ರ ಪಿಕ್ಸೆಲ್ 6ರ ಜೊತೆ ಗೂಗಲ್ ಇದಕ್ಕಾಗಿಯೇ ರಿಯಲ್ ಟೋನ್ ತಂದಿತು ಎಂದರೆ, ಅಲ್ಲಿಯವರೆಗೆ ಕ್ಯಾಮೆರಾಗಳು ಎಲ್ಲರ ಮುಖಕ್ಕೂ ನ್ಯಾಯ ಮಾಡಿರಲಿಲ್ಲ ಎಂದೇ ಅರ್ಥ.

ಹಿನ್ನೆಲೆ ಮಬ್ಬು ಮಾಡುವ ಪೋರ್ಟ್ರೇಟ್ ಮೋಡ್‌ನಲ್ಲಿ ಕೂದಲಿನ ಅಂಚು, ಕನ್ನಡಕದ ಕಡ್ಡಿ ನೋಡಿದರೆ ಸಾಕು. ಗುಂಗುರು ಕೂದಲಿನವರನ್ನು ನಿಲ್ಲಿಸಿದರೆ ತಪ್ಪು ಬೇಗ ಸಿಗುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ಆಟೊಫೋಕಸ್ ಇದೆಯಾ ಎಂದು ಒಂದೇ ಪ್ರಶ್ನೆ ಕೇಳಿ. ಇಲ್ಲದಿದ್ದರೆ ಕೈ ಚಾಚಿದ ದೂರದಲ್ಲಿ ಮಾತ್ರ ಮುಖ ಸ್ಪಷ್ಟ.

ವಿಡಿಯೊಗೆ, ನಡೆಯುತ್ತ ಒಂದು ನಿಮಿಷ ತೆಗೆಯಿರಿ, ಹೊರಗೆ ಗಾಳಿಯಲ್ಲಿ ಮಾತಾಡಿ. ಹೆಜ್ಜೆಯ ಕುಲುಕು, ಗಾಳಿಯ ಸದ್ದು ಎರಡೂ ಗೊತ್ತಾಗುತ್ತದೆ. 4ಕೆ (ಅತಿ ಸ್ಪಷ್ಟ) ವಿಡಿಯೊವನ್ನು ಸೆಕೆಂಡಿಗೆ 30 ಚಿತ್ರದ ಹಾಗೆ ತೆಗೆದರೆ ಐಫೋನ್ ನಿಮಿಷಕ್ಕೆ ಸುಮಾರು 170 ಎಂಬಿ ತಗೊಳ್ಳುತ್ತದೆ, 60ರಲ್ಲಿ ಸುಮಾರು 400. ವಿಡಿಯೊ ಜಾಸ್ತಿ ಮಾಡುವವರು ಕ್ಯಾಮೆರಾ ಜೊತೆ ಸ್ಟೋರೇಜನ್ನೂ ಆರಿಸಬೇಕು.

ಫೋಟೊಗಳನ್ನು ಹೋಲಿಸುವುದು ಯಾವ ಸ್ಕ್ರೀನಿನಲ್ಲಿ

ನಾನು ಬಹಳ ದಿನ ಮಾಡಿದ ತಪ್ಪು ಇದು. ಎ ಫೋನಿನ ಫೋಟೊವನ್ನು ಎ ಸ್ಕ್ರೀನಿನಲ್ಲಿ, ಬಿ ಫೋನಿನದ್ದನ್ನು ಬಿ ಸ್ಕ್ರೀನಿನಲ್ಲಿ ನೋಡಿ ಹೋಲಿಸುತ್ತಿದ್ದೆ. ಆಗ ಹೋಲಿಸುತ್ತಿರುವುದು ಕ್ಯಾಮೆರಾವನ್ನಲ್ಲ, ಸ್ಕ್ರೀನನ್ನು. ‘ವಿವಿಡ್’ ಬಣ್ಣದಲ್ಲಿರುವ ಅಮೊಲೆಡ್‌ನಲ್ಲಿ ಯಾವ ಫೋಟೊ ಆದರೂ ಮೆರೆಯುತ್ತದೆ. ಜೊತೆಗೆ, 2023ರ ಆಂಡ್ರಾಯ್ಡ್ 14ರಿಂದ ಬಂದ ಅಲ್ಟ್ರಾ ಎಚ್‌ಡಿಆರ್ ಫೋಟೊಗಳಲ್ಲಿ ದೀಪ, ಆಕಾಶ ಇಂಥ ಭಾಗಗಳನ್ನು ಸ್ಕ್ರೀನ್ ಹೆಚ್ಚು ಬೆಳಗಿಸಿ ತೋರಿಸುತ್ತದೆ. ಅದೇ ಫೋಟೊವನ್ನು ಮೆಸೇಜ್‌ನಲ್ಲಿ ಕಳಿಸಿದಾಗ ಆ ಮೆರುಗು ಹೋಗಿರಬಹುದು.

ಎರಡೂ ಫೋನಿನ ಫೋಟೊಗಳನ್ನು ಒಂದೇ ಕಡೆ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಆದರೆ ಒಳ್ಳೆಯದು, ಇಲ್ಲದಿದ್ದರೆ ಮನೆಯಲ್ಲಿರುವ ಇನ್ಯಾವುದಾದರೂ ಫೋನ್. ಯಾವ ಫೋಟೊ ಯಾವುದರದ್ದು ಎಂದು ಹೇಳದೆ ಮನೆಯವರಿಗೆ ತೋರಿಸಿ. ನಾನು ಹೀಗೆ ಮಾಡಿದಾಗ ಸ್ಕ್ರೀನ್ ಚೆನ್ನಾಗಿದ್ದ ಫೋನಿನ ಫೋಟೊಗಳನ್ನು ಯಾರೂ ಆರಿಸಲಿಲ್ಲ. ಅಲ್ಲಿಯವರೆಗೆ ನಾನು ಆ ಫೋನಿನ ಪರವೇ ಇದ್ದೆ.

ಯಾರಿಗೆ ಯಾವುದು

ದುಡ್ಡು ಒಂದೇ ಇದ್ದಾಗ, ಒಂದು ಫೋನಿನಲ್ಲಿ ಸ್ಕ್ರೀನ್ ಮೇಲು, ಇನ್ನೊಂದರಲ್ಲಿ ಕ್ಯಾಮೆರಾ ಮೇಲು ಎಂಬ ಪೇಚು ಬರುತ್ತದೆ. ದಿನಕ್ಕೆ ನಾಲ್ಕು ಗಂಟೆ ಸ್ಕ್ರೀನ್ ನೋಡುತ್ತೇವೆ, ನಾಲ್ಕು ನಿಮಿಷ ಕ್ಯಾಮೆರಾ ಬಳಸುತ್ತೇವೆ. ಆ ಲೆಕ್ಕದಲ್ಲಿ ಸ್ಕ್ರೀನೇ ಗೆಲ್ಲಬೇಕು. ಒಬ್ಬರೇ ಇದ್ದು, ಓದುವುದು ನೋಡುವುದೇ ಜಾಸ್ತಿ ಎಂದಾದರೆ ಹಾಗೇ ಮಾಡಿ. ಕಣ್ಣಿಗೆ ಹಿತವಾದ ಮಿಣುಕು, ತಳದ ಬ್ರೈಟ್‌ನೆಸ್, ಅಕ್ಷರದ ಅಂಚು, ಈ ಮೂರರಲ್ಲಿ ಗೆದ್ದ ಫೋನ್ ತಗೊಳ್ಳಿ. ಸೆನ್ಸರ್ 1/2 ಆಗಿದ್ದರೂ ಪರವಾಗಿಲ್ಲ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ವಯಸ್ಸಾದ ಅಪ್ಪ ಅಮ್ಮ ಇದ್ದರೆ ನಾನು ಕ್ಯಾಮೆರಾ ಕಡೆ ವಾಲುತ್ತೇನೆ. 90 ಹರ್ಟ್ಜ್ ಸಾಕು, ಸಾವಿರ ನಿಟ್ಸ್ ಸಾಕು. ದೊಡ್ಡ ಸೆನ್ಸರ್, ಒಐಎಸ್, ಚುರುಕು ಶಟರ್ ಇರಲಿ. ಸಾಧ್ಯವಾದರೆ ಸಂಜೆಯೂ ಎದ್ದಿರುವ ಟೆಲಿಫೋಟೊ. ಸ್ಕ್ರೀನ್ ಸಾಲದು ಅನ್ನಿಸಿದರೆ ಎರಡು ಮೂರು ವರ್ಷಕ್ಕೆ ಇನ್ನೊಂದು ಫೋನ್ ಬರುತ್ತದೆ. ಮಗಳ ಮೊದಲ ಹೆಜ್ಜೆ ಮತ್ತೆ ಬರುವುದಿಲ್ಲ.

ಅಪ್ಪ ಅಮ್ಮನಿಗೇ ಕೊಡಿಸುವುದಾದರೆ ಮಾತು ಬೇರೆ. ಸೆಟಿಂಗ್ಸ್‌ನಲ್ಲಿ ಫಾಂಟ್ ಅಳತೆ ಅತಿ ದೊಡ್ಡದು ಮಾಡಿ, ಅವರು ದಿನಾ ಬಳಸುವ ಆ್ಯಪ್ ತೆರೆಯಿರಿ. ಅಕ್ಷರ ತುಂಡಾಗದೆ, ಬಟನ್ ಸ್ಕ್ರೀನಿನಿಂದ ಹೊರಗೆ ಹೋಗದೆ ಇದೆಯಾ ನೋಡಿ. ಆಮೇಲೆ ಫೋನನ್ನು ಅವರ ಕೈಗೇ ಕೊಟ್ಟು, ಕನ್ನಡಕ ಹಾಕಿಕೊಂಡು ಒಮ್ಮೆ, ಹಾಕದೆ ಒಮ್ಮೆ ಓದಿಸಿ.